ಕಣಿವೆಗೊಂದು ಲಯ, ಊರಿಗೊಂದು ಮಟ್ಟು: ನಾರ್ಡಿಕ್, ಕೆಲ್ಟಿಕ್ ಜನಪದ ಸಂಗೀತ ಕೇಳಲು ಹೊರಡುವ ಮುನ್ನ

ಸಂಗೀತದ ಆ್ಯಪ್‌ನಲ್ಲಿ ‘ನಾರ್ಡಿಕ್ ಫೋಕ್’ (ನಾರ್ವೆ, ಸ್ವೀಡನ್, ಫಿನ್ಲೆಂಡ್ ಕಡೆಯ ಜನಪದ) ಅಂತ ಹುಡುಕಿದರೆ ಮೊದಲು ಸಿಗುವುದು ದೊಡ್ಡ ನಗಾರಿ, ಕೊಂಬು, ಗಂಟಲಾಳದ ಗಾಯನ. ‘ಕೆಲ್ಟಿಕ್’ (ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯದು) ಅಂತ ಹುಡುಕಿದರೆ ಹಾರ್ಪ್ ಮತ್ತು ನಿದ್ದೆ ಬರಿಸುವ ಹಿನ್ನೆಲೆ ಸಂಗೀತ. ಇದನ್ನೇ ನಂಬಿಕೊಂಡು ನಾರ್ವೆಗೋ ಐರ್ಲೆಂಡಿಗೋ ಟಿಕೆಟ್ ಮಾಡಿಸಿದವರು ಅಲ್ಲಿಗೆ ಹೋದ ಮೇಲೆ ತಬ್ಬಿಬ್ಬಾಗುತ್ತಾರೆ. ಅಲ್ಲಿನ ವಾದಕರು ತಮ್ಮ ಸಂಗೀತವನ್ನು ಈ ಎರಡು ಹೆಸರುಗಳಿಂದ ಕರೆಯುವುದು ಅಪರೂಪ. ನಾರ್ವೆಯ ಟೆಲೆಮಾರ್ಕ್ ಸೀಮೆಯ ಪಿಟೀಲುಗಾರರಿಗೆ ಅದು ಟೆಲೆಮಾರ್ಕ್‌ನ ಸಂಗೀತ. ಐರ್ಲೆಂಡಿನ ಕ್ಲೇರ್ ಕೌಂಟಿಯಲ್ಲಿ ಪೂರ್ವ ಕ್ಲೇರ್‌ನ ಶೈಲಿ ಬೇರೆ, ಪಶ್ಚಿಮದ್ದು ಬೇರೆ. ಸ್ವೀಡನ್ನಿನಲ್ಲಿ ಒಂದು ಮಟ್ಟನ್ನು ಗುರುತಿಸುವುದೇ ‘ಇಂಥ ಊರಿನ ಇಂಥವರಿಂದ ಬಂದದ್ದು’ ಎಂದು.

ಅಂದರೆ ಈ ಸಂಗೀತ ದೇಶದ ಲೆಕ್ಕದಲ್ಲಿ ಸಿಗುವುದಿಲ್ಲ, ಕಣಿವೆ, ಜಿಲ್ಲೆಗಳ ಲೆಕ್ಕದಲ್ಲಿ ಸಿಗುತ್ತದೆ. ಪ್ರವಾಸವನ್ನೂ ಹಾಗೆಯೇ ಹಾಕಿಕೊಳ್ಳಬೇಕು. ಹತ್ತು ದಿನಕ್ಕೆ ಐದು ದೇಶ ತೋರಿಸುವ ಪ್ಯಾಕೇಜಿನಲ್ಲಿ ಫ್ಯೋರ್ಡ್, ಕೋಟೆಗಳೆಲ್ಲ ಕಂಡಾವು, ಸಂಗೀತ ಕೇಳಿಸದು. ಒಂದೇ ಜಿಲ್ಲೆಯಲ್ಲಿ ನಾಲ್ಕೈದು ರಾತ್ರಿ ತಂಗಿದರೆ ಅದೇ ವಾದಕರು ಬೇರೆ ಬೇರೆ ಕಡೆ ಕಾಣುತ್ತಾರೆ, ಅದೇ ಮಟ್ಟುಗಳು ಮತ್ತೆ ಕಿವಿಗೆ ಬೀಳುತ್ತವೆ. ಮೂರನೇ ಸಲ ಕೇಳಿದಾಗ ಕಿವಿ ಅದನ್ನು ಹಿಡಿಯುತ್ತದೆ.

ಹಳೆಯದು ಎಷ್ಟು, ಹೊಸದು ಎಷ್ಟು

ಹೊರಡುವ ಮೊದಲು ಕಿವಿಯಲ್ಲಿ ಮೂರು ಪದರಗಳನ್ನು ಬೇರೆ ಮಾಡಿಕೊಂಡರೆ ಒಳ್ಳೆಯದು.

ತಳದಲ್ಲಿರುವುದು ಕುಣಿತದ ಮಟ್ಟುಗಳು, ಹಾಡುಗಳು. ಇವನ್ನು ಸಾವಿರಾರು ವರ್ಷ ಹಳೆಯವು ಎಂದು ಮಾರುತ್ತಾರೆ, ಆದರೆ ವಾದ್ಯದ ಮಟ್ಟುಗಳ ವಿಷಯದಲ್ಲಿ ಅದು ನಿಜವಲ್ಲ. ಐರಿಶ್ ಸಂಗೀತದ ಬೆನ್ನೆಲುಬಾದ ರೀಲ್ ಎಂಬ ಕುಣಿತದ ಮಟ್ಟು ಸ್ಕಾಟ್ಲೆಂಡಿನಿಂದ 18ನೇ ಶತಮಾನದಲ್ಲಿ ಬಂದದ್ದು. ಪೋಲ್ಕಾ 19ನೇ ಶತಮಾನದಲ್ಲಿ ಮಧ್ಯ ಯುರೋಪಿನಿಂದ ಬಂತು. ಸ್ವೀಡನ್ನಿನ ಪೋಲ್ಸ್ಕಾ ಪೋಲೆಂಡಿನ ಕುಣಿತಗಳಿಂದ ಬೆಳೆದದ್ದು. ಇಂದು ‘ಐರಿಶ್ ಬಜೂಕಿ’ ಎನ್ನುವ ತಂತಿವಾದ್ಯ ಗ್ರೀಸ್‌ನಿಂದ ಐರ್ಲೆಂಡಿಗೆ ಕಾಲಿಟ್ಟದ್ದು 1960ರ ದಶಕದಲ್ಲಿ.

ಅದರ ಮೇಲಿನ ಪದರ, ವೇದಿಕೆಗೆ ಹೊಂದಿಸಿ ಕಟ್ಟಿದ ತಂಡಗಳದು. ಐರ್ಲೆಂಡಿನ ದ ಚೀಫ್‌ಟನ್ಸ್ (1962), ಪ್ಲಾಂಕ್ಸ್ಟಿ (1972), ಫಿನ್ಲೆಂಡಿನ ವಾರ್ತ್ತಿನಾ (1983), ಸ್ವೀಡನ್ನಿನ ವೇಸೆನ್ (1989) ಇಲ್ಲಿ ಬರುತ್ತವೆ. ಒಂಟಿ ಪಿಟೀಲಿನ ಅಥವಾ ಒಂಟಿ ದನಿಯ ಮಟ್ಟಿಗೆ ಗಿಟಾರು, ಬಜೂಕಿಗಳ ಸ್ವರಮೇಳ, ಎದುರು ರಾಗ, ಆರಂಭ, ಮುಕ್ತಾಯ ಎಲ್ಲ ಸೇರಿದ್ದು ಇವರಿಂದ. ಸ್ಕಾಟ್ಲೆಂಡಿನ ಮಾರ್ಟಿನ್ ಬೆನೆಟ್ 2003ರ ಹೊತ್ತಿಗೆ ಹಳೆಯ ಅಲೆಮಾರಿ ಗಾಯಕರ ಧ್ವನಿಮುದ್ರಿಕೆಗಳನ್ನೇ ತೆಗೆದುಕೊಂಡು ಅದರಡಿ ಕ್ಲಬ್‌ನ ತಾಳ ಹಾಕಿದರು. ಡಬ್ಲಿನ್ನಿನ ಲಂಕಮ್ ತಂಡ ಹಾಡನ್ನು ಎಳೆದೆಳೆದು ನಿಧಾನಿಸಿ, ಅದರಡಿ ಮುಗಿಯದ ಶ್ರುತಿಯ ಗೋಡೆ ಕಟ್ಟುತ್ತದೆ.

ಮೂರನೆಯದು ವಾರ್ಡ್ರುನಾ, ಹೈಲುಂಗ್ ತಂಡಗಳ ಲೋಕ. ವೈಕಿಂಗ್ ಕಾಲದ ಸಂಗೀತದ ಬರೆದಿಟ್ಟ ಮಟ್ಟು ಒಂದೂ ಉಳಿದಿಲ್ಲ. ವಾರ್ಡ್ರುನಾದ ಐನಾರ್ ಸೆಲ್ವಿಕ್ ಬ್ಲ್ಯಾಕ್ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತದ ಲೋಕದಿಂದ ಬಂದವರು. ಹಳೆಯ ವಾದ್ಯಗಳನ್ನೂ ರೂನ್ ಎಂಬ ಪುರಾತನ ಅಕ್ಷರಗಳನ್ನೂ ಇಟ್ಟುಕೊಂಡು ಅವರು ಮಾಡುವುದು ಹೊಸ ರಚನೆ. ಚೆನ್ನಾಗಿದೆ, ಕೇಳಬೇಕಾದದ್ದೇ. ಆದರೆ ಅದನ್ನು ಹಳ್ಳಿಯ ಸಮಾವೇಶದಲ್ಲಿ ಹುಡುಕಬೇಡಿ. ಅದು ಸಿಗುವುದು ಟಿಕೆಟ್ ಕೊಂಡು ಹೋಗುವ ಕಛೇರಿಯಲ್ಲಿ.

ಐರಿಶ್ ಸೆಷನ್ ಒಳಗೆ ಏನು ನಡೆಯುತ್ತದೆ

ಸೆಷನ್ ಅಂದರೆ ವಾದಕರು ಪಬ್‌ನಲ್ಲಿ ಸೇರಿ ಒಟ್ಟಿಗೆ ನುಡಿಸುವ ಕೂಟ. ಪಬ್‌ನ ಮೂಲೆಯ ಮೇಜಿನ ಸುತ್ತ ಆರೇಳು ಜನ. ಮೈಕಿಲ್ಲ, ಪಟ್ಟಿಯಿಲ್ಲ, ವಾದಕರು ಕೂತಿರುವುದು ಒಬ್ಬರಿಗೊಬ್ಬರು ಮುಖ ಮಾಡಿ. ಕೇಳುಗರಿಗೆ ಸಿಗುವುದು ಹೆಚ್ಚಾಗಿ ಬೆನ್ನೇ. ಒಬ್ಬರು ಶುರು ಮಾಡುತ್ತಾರೆ, ಒಂದೆರಡು ಸೆಕೆಂಡಿನಲ್ಲಿ ಉಳಿದವರು ಸೇರುತ್ತಾರೆ. ಮೊದಲ ಸಲ ಕೇಳುವವರಿಗೆ ಎಲ್ಲ ಮಟ್ಟುಗಳೂ ಒಂದೇ ತರ ಅನಿಸುತ್ತವೆ. ಅದರ ಕಟ್ಟು ಗೊತ್ತಾದರೆ ಸಾಕು, ಬಿಡಿಸಿಕೊಳ್ಳುತ್ತದೆ.

ಮಟ್ಟಿಗೆ ಸಾಮಾನ್ಯವಾಗಿ ಎರಡು ಭಾಗ, ಒಂದೊಂದೂ ಎಂಟು ಬಾರ್ (ತಾಳದ ಆವರ್ತದಂಥ ಅಳತೆ). ಮೊದಲ ಭಾಗ ಎರಡು ಸಲ, ಎರಡನೆಯದು ಎರಡು ಸಲ, ಒಟ್ಟು 32 ಬಾರ್. ಎರಡನೇ ಭಾಗ ಸಾಮಾನ್ಯವಾಗಿ ಮೇಲಿನ ಸ್ಥಾಯಿಗೆ ಏರುತ್ತದೆ, ಅದೇ ಗುರುತು. ರೀಲನ್ನು ನಿಮಿಷಕ್ಕೆ 110 ಪೆಟ್ಟಿನ ವೇಗದಲ್ಲಿ ನುಡಿಸಿದರೆ ಒಂದು ಸುತ್ತಿಗೆ ಸುಮಾರು 35 ಸೆಕೆಂಡು. ಮೂರು ಸುತ್ತು ನುಡಿಸಿ ನಿಲ್ಲಿಸದೆ ಮುಂದಿನ ಮಟ್ಟಿಗೆ ಹಾರುತ್ತಾರೆ. ಇಂಥ ಮೂರು ಮಟ್ಟು ಸೇರಿ ಒಂದು ಸೆಟ್, ಐದು ನಿಮಿಷದ ಆಸುಪಾಸು. ಮಟ್ಟು ಬದಲಾಗುವ ಕ್ಷಣವನ್ನು ಹಿಡಿಯಿರಿ. ಶುರು ಮಾಡಿದವರು ತಲೆಯೆತ್ತಿ ಕಣ್ಣಲ್ಲೇ ಸನ್ನೆ ಮಾಡುತ್ತಾರೆ, ಹೊಸ ಮಟ್ಟು ಬೇರೆ ಶ್ರುತಿಗೆ ಜಿಗಿಯಿತೆಂದರೆ ಇಡೀ ಮೇಜಿಗೆ ಜೀವ ಬರುತ್ತದೆ.

ತಾಳ ಗುರುತಿಸುವುದು ನಮಗೆ ಸುಲಭ. ‘ತಕಧಿಮಿ ತಕಧಿಮಿ’ ಹೊಂದಿದರೆ ರೀಲ್. ‘ತಕಿಟ ತಕಿಟ’ ಎರಡೆರಡಾಗಿ ಬಂದರೆ ಜಿಗ್, ಮೂರು ಮೂರಾಗಿ ಬಂದರೆ ಸ್ಲಿಪ್ ಜಿಗ್. ತಕಧಿಮಿಯೇ ಆದರೂ ಕುಂಟುತ್ತ ತೂಗುತ್ತ ಬಂದರೆ ಹಾರ್ನ್‌ಪೈಪ್. ಪೋಲ್ಕಾ, ಸ್ಲೈಡ್ ಎಂಬ ಕುಣಿತದ ಮಟ್ಟುಗಳು ಹೆಚ್ಚು ಕೇಳಿಸಿದರೆ ನೀವಿರುವುದು ಕಾರ್ಕ್–ಕೆರ್ರಿ ಗಡಿಯ ಸ್ಲೀವ್ ಲೂಕ್ರಾ ಸೀಮೆಯಲ್ಲಿ, ಇಲ್ಲವೇ ಆ ಸೀಮೆಯವರ ಜೊತೆ.

ಶಾಸ್ತ್ರೀಯ ಸಂಗೀತದ ಕಿವಿಯಿರುವವರು ಇಲ್ಲಿ ಮನೋಧರ್ಮಕ್ಕಾಗಿ ಕಾದು ನಿರಾಶರಾಗುತ್ತಾರೆ. ಸ್ವರಪ್ರಸ್ತಾರದಂಥದ್ದು ಇಲ್ಲಿಲ್ಲ. ವ್ಯತ್ಯಾಸವೆಲ್ಲ ಅಲಂಕಾರದಲ್ಲಿ, ಬಿಲ್ಲಿನ ಏಟಿನಲ್ಲಿ, ಒಂದೆರಡು ಸ್ವರದ ತಿರುವಿನಲ್ಲಿ. ‘ರೋಲ್’ ಅನ್ನುವ ಅಲಂಕಾರವನ್ನೇ ನೋಡಿ: ಸ್ವರ, ಮೇಲಿನಿಂದ ಒಂದು ಮಿಂಚಿನ ಕಡಿತ, ಮತ್ತೆ ಅದೇ ಸ್ವರ, ಕೆಳಗಿನಿಂದ ಒಂದು ತಟ್ಟು, ಮತ್ತೆ ಅದೇ ಸ್ವರ. ಇಷ್ಟೂ ಒಂದು ‘ತಕಿಟ’ದೊಳಗೆ ಮುಗಿಯಬೇಕು. ಟಿನ್ ವಿಸಲ್ ಎಂಬ ಪುಟ್ಟ ತಗಡಿನ ಕೊಳಲು ನುಡಿಸುವವರ ಬೆರಳು ಹತ್ತಿರದಿಂದ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಇಲಿಯನ್ ಪೈಪ್ಸ್ ಇದ್ದರೆ ಅದರ ಬಲಗಡೆಗೇ ಜಾಗ ಹಿಡಿಯಿರಿ. ಬಾಯಿಂದ ಊದದೆ ಮೊಣಕೈ ಕೆಳಗಿನ ತಿದಿಯಿಂದ ಗಾಳಿ ತುಂಬುವ, ಮಣಿಕಟ್ಟಿನಿಂದ ಕೀಲಿ ಒತ್ತಿ ಸ್ವರಮೇಳ ಹೊರಡಿಸುವ ಈ ವಾದ್ಯದ ನುಡಿಸುವಿಕೆ 2017ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು.

ಎಡವುವುದು ಎಲ್ಲಿ? ಖಾಲಿ ಕಂಡ ಕುರ್ಚಿಯಲ್ಲಿ ಕೂರುವುದರಲ್ಲಿ. ಮೇಜಿನ ಸುತ್ತಲಿನ ಕುರ್ಚಿ ಬರಬೇಕಾದ ವಾದಕರದು. ತಾಳಕ್ಕೆ ಚಪ್ಪಾಳೆ ತಟ್ಟಬೇಡಿ, ಹತ್ತು ಜನ ಹತ್ತು ತರ ತಟ್ಟಿದರೆ ವಾದಕರಿಗೆ ಒಬ್ಬರಿಗೊಬ್ಬರು ಕೇಳಿಸದು. ಯಾರಾದರೂ ಹಾಡಲು ಶುರು ಮಾಡಿದರೆ ಪಬ್‌ಗೆ ಪಬ್ಬೇ ಸುಮ್ಮನಾಗುತ್ತದೆ, ಆಗ ಲೋಟದ ಸದ್ದೂ ಬೇಡ. ವಾದ್ಯವಿಲ್ಲದೆ ಹಾಡುವ ಶಾನ್-ನೋಸ್ ಗಾಯನದಲ್ಲಿ ಗಮಕದಂಥ ಜಾರುಗಳು ತುಂಬಿರುತ್ತವೆ, ಕಾನಮಾರಾ ಅದಕ್ಕೆ ಹೆಸರುವಾಸಿ. ಬೌರಾನ್ ಎಂಬ, ಕೈಯಲ್ಲಿ ಹಿಡಿದು ನುಡಿಸುವ ತಮಟೆಯಂಥ ವಾದ್ಯ ಸುಲಭವಾಗಿ ಕಾಣುತ್ತದೆಂದು ಕೊಂಡುತಂದು ಅದೇ ರಾತ್ರಿ ಸೆಷನ್‌ಗೆ ಒಯ್ಯುವ ಪ್ರವಾಸಿಗಳ ಬಗ್ಗೆ ವಾದಕರ ಜೋಕುಗಳು ಬಹಳ ಇವೆ. ಒಂದು ಸೆಷನ್‌ಗೆ ಒಂದು ಬೌರಾನ್ ಸಾಕು. ಕಲಿಯುವವರಿಗೆಂದೇ ‘ಸ್ಲೋ ಸೆಷನ್’ ಇರುತ್ತವೆ, ಮೊದಲು ಅಲ್ಲಿಗೆ ಹೋಗಿ. ವಿಡಿಯೊ ಮಾಡುವ ಮುಂಚೆ ಕೇಳಿ, ಒಂದು ಸೆಟ್‌ಗಾದರೆ ಬೇಡ ಅನ್ನುವವರು ಕಡಿಮೆ.

ಮಕ್ಕಳ ಜೊತೆ ಹೋಗುವವರು ಗಮನಿಸಬೇಕಾದ ಒಂದು ಕಾನೂನಿದೆ. ಐರ್ಲೆಂಡಿನಲ್ಲಿ 18 ವರ್ಷದೊಳಗಿನವರು ರಾತ್ರಿ 9ರ ನಂತರ ಬಾರ್‌ನಲ್ಲಿರುವಂತಿಲ್ಲ. ಮೇಯಿಂದ ಸೆಪ್ಟೆಂಬರ್‌ವರೆಗೆ ಈ ಗಡಿ 10 ಗಂಟೆ. ಸೆಷನ್‌ಗಳು ಬಿಸಿಯೇರುವುದೇ ಒಂಬತ್ತೂವರೆಯ ಮೇಲೆ. ಹಾಗಾಗಿ ಮಕ್ಕಳಿದ್ದರೆ ಭಾನುವಾರ ಮಧ್ಯಾಹ್ನದ ಸೆಷನ್ ಹುಡುಕಿ. ಮದ್ಯ ಕುಡಿಯದವರಿಗೆ ಯಾವ ಮುಜುಗರವೂ ಇಲ್ಲ, ಚಹಾ ಹಿಡಿದು ಇಡೀ ರಾತ್ರಿ ಕೂರಬಹುದು. ಊಟ ಮಾತ್ರ ಮೊದಲೇ ಮುಗಿಸಿ, ಅಡುಗೆಮನೆ ಬೇಗ ಮುಚ್ಚುತ್ತದೆ.

ಜಾಗಗಳ ವಿಷಯ. ಡಬ್ಲಿನ್ನಿನ ಟೆಂಪಲ್ ಬಾರ್ ಓಣಿಗಳಲ್ಲಿ ಕೇಳಿಸುವುದು ಹೆಚ್ಚಾಗಿ ಆಂಪ್ಲಿಫೈಯರ್ ಹಾಕಿದ ಗಿಟಾರು. ಅಲ್ಲಿಂದ ನದಿ ದಾಟಿ ಸ್ಮಿತ್‌ಫೀಲ್ಡ್‌ನ ಕಾಬಲ್‌ಸ್ಟೋನ್ ಪಬ್‌ಗೆ ನಡೆದರೆ ನಿಜವಾದ ಸೆಷನ್. ಹಗಲಲ್ಲಿ ಮೆರಿಯನ್ ಸ್ಕ್ವೇರ್‌ನ ಐರಿಶ್ ಟ್ರೆಡಿಷನಲ್ ಮ್ಯೂಸಿಕ್ ಆರ್ಕೈವ್‌ನಲ್ಲಿ ಹಳೆಯ ಧ್ವನಿಮುದ್ರಿಕೆ ಕೇಳಬಹುದು. ಕ್ಲೇರ್‌ನ ಡೂಲಿನ್ ಹೆಸರಿಗೆ ದೊಡ್ಡದು, ಬೇಸಿಗೆಯಲ್ಲಿ ಕಾಲಿಡಲು ಜಾಗವಿರದು. ಎನಿಸ್ ಪಟ್ಟಣ ನಮ್ಮ ಆಯ್ಕೆ, ರೈಲಿದೆ, ವರ್ಷವಿಡೀ ಸೆಷನ್ ಇರುತ್ತವೆ. ಜುಲೈ ಆರಂಭದಲ್ಲಿ ಕ್ಲೇರ್‌ನ ಮಿಲ್‌ಟೌನ್ ಮಾಲ್ಬೆಯಲ್ಲಿ ವಿಲ್ಲಿ ಕ್ಲ್ಯಾನ್ಸಿ ಬೇಸಿಗೆ ಶಾಲೆ. 1973ರಿಂದ ನಡೆಯುತ್ತಿದೆ. ಬೆಳಿಗ್ಗೆ ವಾದ್ಯವಾರು ತರಗತಿ, ಮಧ್ಯಾಹ್ನ ಉಪನ್ಯಾಸ, ರಾತ್ರಿ ಊರಿನ ಎಲ್ಲ ಪಬ್‌ಗಳಲ್ಲೂ ಸಂಗೀತ. ಊರು ಪುಟ್ಟದು, ಕೋಣೆ ತಿಂಗಳುಗಳ ಮೊದಲೇ ಮುಗಿಯುತ್ತವೆ. ಲಾಹಿಂಚ್ ಅಥವಾ ಎನಿಸ್ಟೈಮನ್‌ನಲ್ಲಿ ತಂಗಿದರೆ ರಾತ್ರಿ ವಾಪಸಾಗಲು ಬಸ್ ಇರದು ಎಂಬುದನ್ನು ಲೆಕ್ಕಕ್ಕಿಟ್ಟುಕೊಳ್ಳಿ.

ನಡುವಿನ ದ್ವೀಪ

ಸ್ಕಾಟ್ಲೆಂಡಿಗೆ ಒಂದೇ ಸಲ ಹೋಗುವವರು ಚಳಿಗೆ ಹೆದರದೆ ಜನವರಿಯಲ್ಲಿ ಗ್ಲಾಸ್ಗೋಗೆ ಹೋಗಬಹುದು. 1994ರಲ್ಲಿ ಶುರುವಾದ ಕೆಲ್ಟಿಕ್ ಕನೆಕ್ಷನ್ಸ್ ಉತ್ಸವ ಎರಡು ವಾರಕ್ಕೂ ಹೆಚ್ಚು ನಡೆಯುತ್ತದೆ, ಹೊಸ ತಂಡಗಳು ಒಂದೇ ಊರಿನಲ್ಲಿ ಸಿಗುತ್ತವೆ. ಎಡಿನ್‌ಬರೋದಲ್ಲಾದರೆ ಸ್ಯಾಂಡಿ ಬೆಲ್ಸ್ ಪಬ್.

ಆದರೆ ನಾರ್ಡಿಕ್ ಮತ್ತು ಕೆಲ್ಟಿಕ್ ಎರಡೂ ಎಲ್ಲಿ ಕೂಡುತ್ತವೆ ಎಂದು ಕೇಳಿದರೆ, ಅದಕ್ಕೆ ಉತ್ತರ: ಶೆಟ್ಲೆಂಡ್ ದ್ವೀಪಗಳು. ಈ ದ್ವೀಪಗಳು 1469ರವರೆಗೆ ನಾರ್ವೆಯ ಕಡೆಗಿದ್ದವು, ಆಮೇಲೆ ರಾಜಕುಮಾರಿಯ ವರದಕ್ಷಿಣೆಗೆ ಒತ್ತೆಯಾಗಿ ಸ್ಕಾಟ್ಲೆಂಡಿನ ಪಾಲಾದವು. ಇಲ್ಲಿನ ಪಿಟೀಲಿನಲ್ಲಿ ಸ್ಕಾಟಿಷ್ ರೀಲಿನ ಓಟವೂ ಇದೆ, ಪಕ್ಕದ ತೆರೆದ ತಂತಿ ಸದಾ ಗುಂಯ್‌ಗುಡುವ ನಾರ್ವೆಯ ನಾದವೂ ಇದೆ. ಕೆಲವು ಹಳೆಯ ಮಟ್ಟುಗಳಿಗೆ ತಂತಿಗಳನ್ನು ಎ–ಇ–ಎ–ಇ ಎಂದು ಕೂಡಿಸುತ್ತಾರೆ. ಎ ಸ್ವರವನ್ನು ಷಡ್ಜ ಎಂದುಕೊಂಡರೆ ಇದು ಸ–ಪ–ಸ–ಪ, ನಮ್ಮ ಕರ್ನಾಟಕ ಸಂಗೀತದ ಪಿಟೀಲಿನ ಶ್ರುತಿಯೇ! ಕಾರಣವೂ ಒಂದೇ: ತೆರೆದ ತಂತಿಗಳು ಆಧಾರ ಸ್ವರವಾಗಿ ನಿಲ್ಲಬೇಕು. ಅಬರ್ಡೀನ್‌ನಿಂದ ಲೆರ್ವಿಕ್‌ಗೆ ರಾತ್ರಿ ಹಡಗು 12ರಿಂದ 14 ಗಂಟೆ. ಸಮುದ್ರ ಒರಟು, ವಾಂತಿ ಮಾತ್ರೆ ಹತ್ತುವ ಮುನ್ನವೇ ನುಂಗಿ. ಏಪ್ರಿಲ್ ಕೊನೆ, ಮೇ ಆರಂಭದ ಹೊತ್ತಿಗೆ ಶೆಟ್ಲೆಂಡ್ ಫೋಕ್ ಫೆಸ್ಟಿವಲ್. 1981ರಿಂದಲೂ ಇದೆ.

ನಾರ್ವೆ: ಎಂಟೊಂಬತ್ತು ತಂತಿಯ ಪಿಟೀಲು, ಸಮವಲ್ಲದ ಮೂರು ಪೆಟ್ಟು

ಹಾರ್ಡಿಂಗ್‌ಫೇಲೆ, ಅಂದರೆ ಹಾರ್ಡಾಂಗರ್ ಪಿಟೀಲು, ನೋಡಲು ಆಭರಣದ ಪೆಟ್ಟಿಗೆಯಂತಿರುತ್ತದೆ. ಮೈಮೇಲೆ ಕಪ್ಪು ಶಾಯಿಯ ಬಳ್ಳಿ, ಮುತ್ತಿನ ಚಿಪ್ಪಿನ ಕೆತ್ತನೆ, ತುದಿಯಲ್ಲಿ ಸಿಂಹದ ತಲೆ. ನುಡಿಸುವ ತಂತಿ ನಾಲ್ಕು. ಬೆರಳುಪಟ್ಟಿಯ ಕೆಳಗೆ ಇನ್ನೂ ನಾಲ್ಕೈದು ತಂತಿ ಹಾದುಹೋಗುತ್ತವೆ, ಸಿತಾರ್, ಸಾರಂಗಿಗಳ ತರಫ್ ಇದ್ದಂತೆ. ಅವನ್ನು ಬಿಲ್ಲು ಮುಟ್ಟುವುದಿಲ್ಲ, ಮೇಲಿನ ಸ್ವರಕ್ಕೆ ತಾವೇ ಮಿಡಿಯುತ್ತವೆ. ತಂತಿಗಳನ್ನು ಎತ್ತಿ ಹಿಡಿಯುವ ‘ಕುದುರೆ’ ಸಾಮಾನ್ಯ ಪಿಟೀಲಿನದಕ್ಕಿಂತ ಚಪ್ಪಟೆ, ಆದ್ದರಿಂದ ಬಿಲ್ಲು ಎರಡು ತಂತಿಗಳನ್ನು ಒಟ್ಟಿಗೇ ಉಜ್ಜುತ್ತದೆ. ಉಳಿದಿರುವವುಗಳಲ್ಲಿ ಹಳೆಯದೆಂದು ಹೇಳುವ ಯಾಸ್ತಾಡ್ ಪಿಟೀಲಿನ ಮೇಲೆ 1651ರ ಇಸವಿಯಿದೆ.

ಹೆಚ್ಚು ಬಳಕೆಯ ಶ್ರುತಿ ಎ–ಡಿ–ಎ–ಇ. ಡಿ ಷಡ್ಜವಾದರೆ ಮಂದ್ರ ಪಂಚಮ, ಷಡ್ಜ, ಪಂಚಮ, ಮೇಲಿನ ರಿಷಭ. ಇದಲ್ಲದೆ ಇಪ್ಪತ್ತಕ್ಕೂ ಹೆಚ್ಚು ಶ್ರುತಿಗಳಿವೆ, ಮಟ್ಟು ಬದಲಾದರೆ ಶ್ರುತಿಯೂ ಬದಲಾಗಬಹುದು. ಆಗ ತರಫ್ ತಂತಿಗಳನ್ನೂ ಸೇರಿಸಿ ಎಲ್ಲವನ್ನೂ ಮತ್ತೆ ಕೂಡಿಸಬೇಕು. ಕಛೇರಿಯ ನಡುವೆ ಕಥೆ ಹೇಳುತ್ತ ಎರಡು ಮೂರು ನಿಮಿಷ ಬಿರಟೆ ತಿರುಗಿಸುವುದು ಇದಕ್ಕೇ. ಕೆಲವರು ಎರಡು ಪಿಟೀಲು ತಂದಿಟ್ಟುಕೊಳ್ಳುತ್ತಾರೆ.

ಎಲ್ಲಕ್ಕಿಂತ ಕಷ್ಟದ್ದು ಲಯ. ಸ್ಪ್ರಿಂಗಾರ್ ಎಂಬ ಕುಣಿತಕ್ಕೆ ಮೂರು ಪೆಟ್ಟು, ಆದರೆ ಮೂರೂ ಸಮವಲ್ಲ. ಟೆಲೆಮಾರ್ಕ್‌ನಲ್ಲಿ ಮೊದಲನೆಯದು ಉದ್ದ, ಎರಡನೆಯದು ಮಧ್ಯಮ, ಮೂರನೆಯದು ಗಿಡ್ಡ. ವಾಲ್ಡ್ರೆಸ್ ಕಣಿವೆಯಲ್ಲಿ ಗಿಡ್ಡ, ಉದ್ದ, ಮಧ್ಯಮ. ಮೆಟ್ರೊನೋಮ್ ಹಾಕಿ ಅಳೆಯಲು ಹೋದರೆ ವಾದಕರು ತಾಳ ತಪ್ಪುತ್ತಿದ್ದಾರೆ ಅನಿಸುತ್ತದೆ. ತಪ್ಪುತ್ತಿಲ್ಲ. ಈ ಏರುಪೇರು ಕುಣಿಯುವವರ ದೇಹ ಏರಿ ಇಳಿಯುವ ರೀತಿಗೆ ಕಟ್ಟಿಕೊಂಡದ್ದು. ಆದ್ದರಿಂದ ಪಿಟೀಲು ನೋಡಬೇಡಿ, ವಾದಕರ ಪಾದ ನೋಡಿ. ನೆಲಕ್ಕೆ ಬಡಿಯುವ ಆ ಸದ್ದು ಸಂಗೀತದ ಭಾಗ. ಇಯರ್‌ಫೋನಿನಲ್ಲಿ ಕೇಳಿ ಅರ್ಥವಾಗದ ಸ್ಪ್ರಿಂಗಾರ್, ಮರದ ನೆಲದ ಸಭಾಂಗಣದಲ್ಲಿ ಎರಡು ಜೋಡಿ ಕುಣಿಯುವುದನ್ನು ನೋಡಿದಾಗ ತಿಳಿಯುತ್ತದೆ. ಈ ಸಂಗೀತಕ್ಕಾಗಿ ಪ್ರಯಾಣ ಮಾಡಲೇಬೇಕು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿಲ್ಲ.

ಬರ್ಗೆನ್‌ನಿಂದ ರೈಲಿನಲ್ಲಿ ಒಂದೂಕಾಲು ಗಂಟೆ ದೂರದ ವಾಸ್‌ನಲ್ಲಿ ಜನಪದ ಸಂಗೀತ ಕಲಿಸುವ ಓಲೆ ಬುಲ್ ಅಕಾಡೆಮಿಯಿದೆ. ಲಾಂಡ್ಸ್‌ಕಾಪ್ಲೈಕ್ ಎಂಬ ಬೇಸಿಗೆಯ ಜನಪದ ಸಂಗೀತ ಸ್ಪರ್ಧೆ ಪ್ರತಿವರ್ಷ ಬೇರೆ ಊರಿನಲ್ಲಿ ನಡೆಯುತ್ತದೆ, ಎಲ್ಲ ಕಣಿವೆಗಳ ಶೈಲಿಯನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಸೆಟೆಸ್ಡಾಲ್ ಕಣಿವೆಯ ವಾದನ, ಕುಣಿತ, ‘ಸ್ಟೇವ್’ ಎಂಬ ಚುಟುಕು ಹಾಡುಗಳು 2019ರಲ್ಲಿ ಯುನೆಸ್ಕೋ ಪಟ್ಟಿಗೆ ಬಂದವು. ಅಲ್ಲಿಗೆ ರೈಲಿಲ್ಲ, ಕ್ರಿಸ್ಟಿಯನ್‌ಸಾಂಡ್‌ನಿಂದ ಬಸ್ಸೋ ಬಾಡಿಗೆ ಕಾರೋ ಹಿಡಿಯಬೇಕು.

ಉತ್ತರದ ಮೂಲನಿವಾಸಿಗಳಾದ ಸಾಮಿ ಜನರ ಯೋಯಿಕ್ ಗಾಯನ ಬೇರೆಯೇ ಪರಂಪರೆ. ಪಿಟೀಲಿನ ಸಂಗೀತದ ಜೊತೆ ಅದನ್ನು ಕಲಸಬಾರದು. ಯೋಯಿಕ್ ಒಬ್ಬರ ‘ಬಗ್ಗೆ’ ಹಾಡುವ ಹಾಡಲ್ಲ, ಆ ವ್ಯಕ್ತಿಯನ್ನೇ ದನಿಯಲ್ಲಿ ಕರೆತರುವ ಕ್ರಮ, ಹಾಗಾಗಿ ಅದು ಆ ವ್ಯಕ್ತಿಗೇ ಸೇರಿದ್ದು. ಕೇಳದೆ ರೆಕಾರ್ಡ್ ಮಾಡಿ ಹಂಚುವುದು ಇಲ್ಲಿ ಬರೀ ಅವಿನಯವಲ್ಲ. ಪಾದ್ರಿಗಳು ಪಾಪವೆಂದು ಅದುಮಿದ್ದ ಈ ಗಾಯನವನ್ನು 1960ರ ದಶಕದ ಕೊನೆಯಲ್ಲಿ ನಿಲ್ಸ್-ಅಸ್ಲಾಕ್ ವಾಲ್ಕಿಯಾಪಾ, ಆಮೇಲೆ ಮಾರಿ ಬೋಯ್ನೆ ವೇದಿಕೆಗೆ ತಂದರು. 1991ರಿಂದ ನಡೆಯುವ ರಿದ್ದು ರಿದ್ದು ಉತ್ಸವ ಜುಲೈನಲ್ಲಿ, ಹತ್ತಿರದ ದೊಡ್ಡ ವಿಮಾನ ನಿಲ್ದಾಣ ಟ್ರೋಮ್ಸೊ.

ಸ್ವೀಡನ್, ಫಿನ್ಲೆಂಡ್: ಪೊದೆಯ ಪಕ್ಕದ ಸಂಗೀತ

ಸ್ವೀಡನ್ನಿನಲ್ಲಿ ಪಬ್ ಬದಲು ಸ್ಪೆಲ್‌ಮನ್ಸ್‌ಸ್ಟೆಮ್ಮಾ, ಅಂದರೆ ಬಯಲಿನ ವಾದಕರ ಸಮಾವೇಶ. ವೇದಿಕೆ ಇರುತ್ತದೆ, ಆದರೆ ಸಾರವೆಲ್ಲ ಪೊದೆಗಳ ಪಕ್ಕ, ಕಾರು ನಿಲ್ಲಿಸಿದ ಕಡೆ, ಕೊಟ್ಟಿಗೆಯ ಗೋಡೆಗೆ ಒರಗಿ ನಡೆಯುವ ‘ಬುಸ್ಕ್‌ಸ್ಪೇಲ್’ನಲ್ಲಿ. ದಾಲಾರ್ನಾದ ಬಿಂಗ್‌ಶೋ ಹಳ್ಳಿಯಲ್ಲಿ 1969ರಿಂದ ಜುಲೈ ಮೊದಲ ಬುಧವಾರ ಇದು ರಾತ್ರಿಯಿಡೀ ನಡೆಯುತ್ತದೆ. ಆ ಹೊತ್ತಿನಲ್ಲಿ ಅಲ್ಲಿ ಕತ್ತಲಾಗುವುದೇ ಇಲ್ಲ ಅನ್ನಬಹುದು. ಬೇಕಾದದ್ದು ಜಾಕೆಟ್, ಮಳೆಗವಚ, ಸೊಳ್ಳೆಗೆ ಹಚ್ಚುವ ಎಣ್ಣೆ, ವಾಪಸು ಹೋಗಲು ಸ್ವಂತ ವಾಹನ ಅಥವಾ ಟೆಂಟ್.

ಕಿವಿಗೆ ಕೆಲಸ ಕೊಡುವುದು ಪೋಲ್ಸ್ಕಾ. ಮೂರು ಪೆಟ್ಟು, ಪಶ್ಚಿಮದ ಕೆಲವು ಸೀಮೆಗಳಲ್ಲಿ ಎರಡನೇ ಪೆಟ್ಟು ಅವಸರಪಟ್ಟು ಮುಂಚೆ ಬೀಳುತ್ತದೆ. ಉಪ್‌ಲ್ಯಾಂಡ್‌ಗೆ ಹೋದರೆ ನಿಕೆಲ್‌ಹಾರ್ಪಾ: ಬಿಲ್ಲಿನಿಂದ ನುಡಿಸುವ, ಆದರೆ ಬೆರಳಿನ ಬದಲು ಮರದ ಕೀಲಿಗಳು ತಂತಿಯನ್ನು ಒತ್ತುವ ವಾದ್ಯ. ಇಂದು ಕಾಣುವ ಮಾದರಿಯಲ್ಲಿ ಮೂರು ಸ್ವರದ ತಂತಿ, ಒಂದು ಶ್ರುತಿಯ ತಂತಿ, ಹನ್ನೆರಡು ತರಫ್. ಕೀಲಿಗಳು ಟಕಟಕ ಅನ್ನುವುದು ಹತ್ತಿರ ಕೂತರೆ ಮಾತ್ರ ಕೇಳಿಸುತ್ತದೆ, ಒಳ್ಳೆಯ ಧ್ವನಿಮುದ್ರಣಗಳು ಅದನ್ನು ಅಳಿಸಿಬಿಡುತ್ತವೆ. ಈ ಮಾದರಿಯನ್ನು ಮನೆಮಾತಾಗಿಸಿದವರು ಎರಿಕ್ ಸಾಲ್‌ಸ್ಟ್ರೋಮ್ (1912–1986). ಅವರ ಹೆಸರಿನ ಸಂಸ್ಥೆ ಉಪ್ಸಾಲಾದ ಉತ್ತರಕ್ಕೆ ಟೂಬೂ ಊರಿನಲ್ಲಿದೆ, ವಾದನವನ್ನೂ ವಾದ್ಯ ತಯಾರಿಯನ್ನೂ ಕಲಿಸುತ್ತದೆ.

ಬಿಂಗ್‌ಶೋ ಮತ್ತು ಮಿಲ್‌ಟೌನ್ ಮಾಲ್ಬೆ ಕೆಲವು ವರ್ಷ ಒಂದೇ ವಾರಕ್ಕೆ ಬೀಳುತ್ತವೆ, ಆಗ ಒಂದನ್ನು ಬಿಡಲೇಬೇಕು. ಬಿಂಗ್‌ಶೋ ಆರಿಸಿದರೆ ಮುಂದಿನ ವಾರ ಸಾಮಾನ್ಯವಾಗಿ ಫಿನ್ಲೆಂಡಿನ ಕೌಸ್ಟಿನೆನ್ ಉತ್ಸವ ಸಿಗುತ್ತದೆ. ಸ್ಟಾಕ್‌ಹೋಮ್‌ನಿಂದ ತುರ್ಕುಗೆ ರಾತ್ರಿ ಹಡಗು, ಅಲ್ಲಿಂದ ಕೊಕ್ಕೋಲಾಗೆ ರೈಲು, ಆಮೇಲೆ ಸುಮಾರು 45 ಕಿ.ಮೀ. ಬಸ್. 1968ರಿಂದ ನಡೆಯುವ ಈ ಉತ್ಸವದ ಬೆನ್ನಿಗಿರುವ ಪಿಟೀಲು ಪರಂಪರೆ 2021ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಊರಿನ ಮಕ್ಕಳಿಂದ ಹಿಡಿದು ಎಲ್ಲರ ಕೈಯಲ್ಲೂ ಪಿಟೀಲು.

ಕಾಗದಪತ್ರ, ಸಾಮಾನು

ನಾರ್ವೆ, ಸ್ವೀಡನ್, ಫಿನ್ಲೆಂಡ್, ಡೆನ್ಮಾರ್ಕ್, ಐಸ್‌ಲ್ಯಾಂಡ್‌ಗಳಿಗೆ ಒಂದೇ ಷೆಂಗೆನ್ ವೀಸಾ ಸಾಕು, 180 ದಿನದಲ್ಲಿ 90 ದಿನದ ಮಿತಿ. ಹೆಚ್ಚು ದಿನ ಎಲ್ಲಿರುತ್ತೀರೋ ಆ ದೇಶಕ್ಕೇ ಅರ್ಜಿ. ಫೇರೋ ದ್ವೀಪಗಳು ಇದರ ಹೊರಗೆ. ಡ್ಯಾನಿಷ್ ವೀಸಾದ ಮೇಲೆ ಫೇರೋಗೂ ಸಲ್ಲುತ್ತದೆ ಎಂದು ಬೇರೆಯಾಗಿ ಬರೆಸಬೇಕು, ಅರ್ಜಿ ಹಾಕುವಾಗಲೇ ಹೇಳದಿದ್ದರೆ ಅಲ್ಲಿನ ಸರಪಳಿ ಕುಣಿತದ ಆಸೆ ಕೈಬಿಟ್ಟಂತೆಯೇ. ಬ್ರಿಟನ್, ಐರ್ಲೆಂಡ್ ಎರಡೂ ಷೆಂಗೆನ್ ಅಲ್ಲ. ಭಾರತೀಯರಿಗೆ ಬ್ರಿಟಿಷ್–ಐರಿಶ್ ವೀಸಾ ಯೋಜನೆಯಿದೆ. ಒಂದು ದೇಶದ ವೀಸಾದ ಮೇಲೆ ಆ ಗುರುತಿದ್ದರೆ ಎರಡಕ್ಕೂ ಹೋಗಬಹುದು, ಆದರೆ ವೀಸಾ ಕೊಟ್ಟ ದೇಶಕ್ಕೆ ಮೊದಲು ಕಾಲಿಡಬೇಕು. ಗ್ಲಾಸ್ಗೋ ಮತ್ತು ಡಬ್ಲಿನ್ ಎರಡನ್ನೂ ಹೊಂದಿಸುವವರು ಈ ಕ್ರಮ ತಪ್ಪಿಸಬಾರದು.

ನುಡಿಸುವ ಆಸೆಯಿದ್ದರೆ ಡಿ ಶ್ರುತಿಯ ಟಿನ್ ವಿಸಲ್ ಒಂದು ಸಾಕು. ಬೇರೆ ಶ್ರುತಿಯದು ಸೆಷನ್‌ನಲ್ಲಿ ಹೆಚ್ಚು ಉಪಯೋಗಕ್ಕೆ ಬಾರದು. ಹಳೆಯ ಪೈಪ್ಸ್, ಬಿಲ್ಲುಗಳನ್ನು ಕೊಳ್ಳುವುದಾದರೆ ಆನೆದಂತದ ತುಣುಕಿದೆಯೇ ಎಂದು ವಿಚಾರಿಸಿ, ಗಡಿಯಲ್ಲಿ ಮುಟ್ಟುಗೋಲಾಗಬಹುದು. ನಿಕೆಲ್‌ಹಾರ್ಪಾ ತರುವ ಯೋಚನೆಯಿದ್ದರೆ ಒಣ ಚಳಿಯಿಂದ ಕರಾವಳಿಯ ಮುಂಗಾರಿನ ತೇವಕ್ಕೆ ಬಂದ ಮರ ಉಬ್ಬಿ ಕೀಲಿಗಳು ಸಿಕ್ಕಿಹಾಕಿಕೊಳ್ಳುತ್ತವೆ ಎನ್ನುವುದು ನೆನಪಿರಲಿ.

ಕೇಳಿದ ಮಟ್ಟಿನ ಹೆಸರು ಹಿಡಿಯಲು ಹಾಡು ಗುರುತಿಸುವ ಶಜಾಮ್ ಆ್ಯಪ್ ಸಾಲದು, ಅದು ಗುರುತಿಸುವುದು ಧ್ವನಿಮುದ್ರಿಕೆಯನ್ನು. ಐರಿಶ್ ಮಟ್ಟಿಗೆ ಟ್ಯೂನ್‌ಪಾಲ್ ಆ್ಯಪ್ ಇದೆ, ಫೋನಿನ ಎದುರು ಒಂದೇ ವಾದ್ಯ ಸ್ಪಷ್ಟವಾಗಿ ಕೇಳಿಸುವಾಗ ಬಳಸಿದರೆ ಹೆಚ್ಚು ಸರಿಯಾಗುತ್ತದೆ. ಒಂದೇ ಮಟ್ಟಿಗೆ ನಾಲ್ಕೈದು ಹೆಸರಿರುವುದು ಮಾಮೂಲು, ದ ಸೆಷನ್ ಎಂಬ ಜಾಲತಾಣ ಅವನ್ನೆಲ್ಲ ಒಂದೇ ಕಡೆ ಕೊಡುತ್ತದೆ. ಸ್ವೀಡಿಷ್ ಮಟ್ಟುಗಳಿಗೆ ಫೋಕ್‌ವಿಕಿ ಜಾಲತಾಣ. ಅಲ್ಲಿ ಹುಡುಕಲು ಮಟ್ಟಿನ ಹೆಸರು ಸಾಲದು, ಎಷ್ಟೋ ಮಟ್ಟುಗಳಿಗೆ ಹೆಸರೇ ಇಲ್ಲ. ಆದ್ದರಿಂದ ನುಡಿಸಿ ಮುಗಿಸಿದವರ ಬಳಿ ಮೂರು ಸಂಗತಿ ಕೇಳಿ ಬರೆದುಕೊಳ್ಳಿ: ಯಾವ ಕುಣಿತದ್ದು, ಯಾವ ಊರಿನದು, ಯಾರಿಂದ ಬಂದದ್ದು.